ಪಿಎಚ್ 7.4 ಅಂತ ತೋರಿಸುತ್ತಿದೆ, ನಂಬಬೇಕಾ?

ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್ (ರೀಫ್ ಟ್ಯಾಂಕ್) ಇಟ್ಟವರ ಮಾತು ಇದು. ನೀರಿಗೆ ಅದ್ದಿದ ಪ್ರೋಬುಗಳ ಅಂಕಿ ತೋರಿಸುವ ಕಂಟ್ರೋಲರ್‌ನಲ್ಲಿ ಪಿಎಚ್ 7.4 ಅಂತ ಕಂಡ ಕೂಡಲೇ, ತೀರಾ ಕಡಿಮೆಯಾಯಿತು ಅಂತ ಕೈ ಹೋಗುವುದು ಪಿಎಚ್ ಏರಿಸುವ ಬಫರ್ ಪುಡಿಯ ಡಬ್ಬಕ್ಕೆ. ಸ್ವಲ್ಪ ತಡೆಯಿರಿ. ಆ 7.4 ನೀರಿನ ಸುದ್ದಿಯೋ ಪ್ರೋಬಿನ ಸುದ್ದಿಯೋ ಇನ್ನೂ ಗೊತ್ತಾಗಿಲ್ಲ. ನೀರು ಚೆನ್ನಾಗಿದ್ದು ಪ್ರೋಬ್ ಮಾತ್ರ ಕೆಟ್ಟಿದ್ದರೆ, ನೀವು ಹಾಕುವ ಪುಡಿಯೇ ನೀರನ್ನು ಕೆಡಿಸುತ್ತದೆ. ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಏರುತ್ತದೆ, ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ, ಕೆಲವು ದಿನದಲ್ಲಿ ಹವಳದ ತುದಿ ಸುಟ್ಟಂತೆ ಬೆಳ್ಳಗಾಗುತ್ತದೆ, ಆಗ "ನೋಡಿ, ಪ್ರೋಬ್ ಹೇಳಿದ್ದೇ ನಿಜ, ನೀರು ಕೆಟ್ಟಿತ್ತು" ಅಂತ ನಾವೇ ನಂಬಿಬಿಡುತ್ತೇವೆ.

ಹಾಗಾಗಿ ವಿಚಿತ್ರ ರೀಡಿಂಗ್ ಬಂದಾಗ ಮೊದಲ ಕೆಲಸ ತಪ್ಪು ಯಾರದ್ದು ಅಂತ ಹುಡುಕುವುದು. ನೀರಿನದ್ದಾ, ಪ್ರೋಬಿನದ್ದಾ, ವೈರಿನದ್ದಾ, ಪ್ರೋಬ್ ಇಟ್ಟ ಜಾಗದ್ದಾ, ಇಲ್ಲಾ ಪ್ರೋಬನ್ನು ಕ್ಯಾಲಿಬ್ರೇಟ್ ಮಾಡಿದ (ಗೊತ್ತಿರುವ ಅಂಕಿಗೆ ಹೊಂದಿಸಿದ) ದ್ರವದ್ದಾ. ಅದು ಗೊತ್ತಾಗುವ ತನಕ ಟ್ಯಾಂಕಿಗೆ ಏನೂ ಹಾಕಬೇಡಿ.

ಸೆನ್ಸರ್ ಪಿಎಚ್ ಅಳೆಯುವುದಿಲ್ಲ, ಸಲಿನಿಟಿನೂ (ನೀರಿನಲ್ಲಿರುವ ಉಪ್ಪಿನ ಪ್ರಮಾಣ) ಅಳೆಯುವುದಿಲ್ಲ. ಅದು ಅಳೆಯುವುದು ಒಂದು ವಿದ್ಯುತ್ ಸಿಗ್ನಲ್ಲನ್ನು. ಪಿಎಚ್ ಪ್ರೋಬಿನ ತುದಿಯಲ್ಲಿರುವ ತೆಳು ಗಾಜಿನ ಬುರುಡೆ ಒಂದು ಪುಟ್ಟ ಬ್ಯಾಟರಿ ಥರ ಕೆಲಸ ಮಾಡುತ್ತದೆ. ಪಿಎಚ್ 7ಕ್ಕೆ ಸೊನ್ನೆ ಮಿಲಿವೋಲ್ಟ್, ಅಲ್ಲಿಂದ ಒಂದೊಂದು ಪಿಎಚ್‌ಗೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ. ಅಂದರೆ 8.2 ಮತ್ತು 8.1ರ ನಡುವೆ ಇರುವುದು ಬರೀ 6 ಮಿಲಿವೋಲ್ಟ್. ಅದೂ ಹತ್ತಾರು, ನೂರಾರು ಮೆಗಾಓಮ್ ರೆಸಿಸ್ಟೆನ್ಸ್ ಇರುವ ಗಾಜನ್ನು ದಾಟಿ ಬರಬೇಕು. ಕನೆಕ್ಟರ್ ಮೇಲೆ ಸ್ವಲ್ಪ ತೇವ ಕೂತರೂ ಸಾಕು, ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. ಸಲಿನಿಟಿ ಪ್ರೋಬ್ ನೀರಿನಲ್ಲಿ ಕರೆಂಟ್ ಎಷ್ಟು ಸರಾಗವಾಗಿ ಹರಿಯುತ್ತದೆ ಅಂತ ನೋಡಿ, ಅದಕ್ಕೆ ಉಷ್ಣತೆಯ ಲೆಕ್ಕ ಸೇರಿಸಿ, "ಹಾಗಾದರೆ ಉಪ್ಪು ಇಷ್ಟಿರಬೇಕು" ಅಂತ ಊಹೆ ಹೇಳುತ್ತದೆ. ಪರದೆಯ ಮೇಲೆ ಬರುವುದು ಆ ಊಹೆ.

ಇರಬೇಕಾದ ಲೆಕ್ಕ ಏನು ಅಂತ ಒಮ್ಮೆ ನೋಡಿಬಿಡೋಣ. ಸಮುದ್ರದ ನೀರಲ್ಲಿ ಕೆಜಿಗೆ 35 ಗ್ರಾಂ ಉಪ್ಪು, ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ) 1.026ರ ಆಸುಪಾಸು, 25 ಡಿಗ್ರಿಯಲ್ಲಿ ಕಂಡಕ್ಟಿವಿಟಿ (ಕರೆಂಟ್ ಹರಿಯುವ ಸರಾಗ) ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್. ಮನೆಯ ರೀಫ್ ಟ್ಯಾಂಕಿನಲ್ಲಿ ಪಿಎಚ್ 7.8ರಿಂದ 8.4, ಆಲ್ಕಲಿನಿಟಿ 7ರಿಂದ 11 ಡಿಕೆಎಚ್ (ಅದರ ಅಳತೆಯ ಹೆಸರು), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ನೀರಿನ ಉಷ್ಣತೆ 25ರಿಂದ 27 ಡಿಗ್ರಿ. ಈ ಅಂಕಿಗಳ ಒಳಗೆ ಎಲ್ಲಿ ನಿಂತಿದೆ ಅನ್ನುವುದಕ್ಕಿಂತ ಒಂದೇ ಕಡೆ ನಿಂತಿದೆಯಾ ಅನ್ನುವುದು ಜಾಸ್ತಿ ಮುಖ್ಯ.

(ಭಾರತದಲ್ಲಿರುವವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ (ಅತಿ ಹೆಚ್ಚು ರಕ್ಷಣೆಯ ಪಟ್ಟಿ) ಗಟ್ಟಿ ಹವಳಗಳೆಲ್ಲ 2001ರಲ್ಲೇ ಸೇರಿವೆ. ಅಂಗಡಿಯವರು "ಏನೂ ಆಗಲ್ಲ ಸಾರ್" ಅಂದರೂ ಕಾನೂನು ಬದಲಾಗುವುದಿಲ್ಲ. ಸಮುದ್ರ ಕುದುರೆ, ಸಮುದ್ರ ಸೌತೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಏನು ಸಾಕುತ್ತಿದ್ದೇವೆ ಅಂತ ಗೊತ್ತಿರಲಿ.)

ಇದು ನಡೆಯಲು ಸಾಧ್ಯವಾ?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಪ್ರೋಬ್ ಹೇಳಿದ್ದನ್ನೆಲ್ಲ ಕೇಳಿಕೊಂಡು ಓಡಿದರೆ ನಮ್ಮ ಕಥೆನೂ ಅದೇ. ಮೊದಲು ಪೆನ್ನು ಹಿಡಿದು ಒಂದು ಸಣ್ಣ ಲೆಕ್ಕ ಹಾಕಿ.

300 ಲೀಟರ್ ಟ್ಯಾಂಕ್ ಅಂತ ಇಟ್ಟುಕೊಳ್ಳಿ. ಸಲಿನಿಟಿ ನಿನ್ನೆ 35 ಇತ್ತು, ಇವತ್ತು 33 ಅಂತ ತೋರಿಸುತ್ತಿದೆ. ಅಷ್ಟು ಇಳಿಯಬೇಕಾದರೆ ಸುಮಾರು 18 ಲೀಟರ್ ಸಿಹಿನೀರು ಒಳಗೆ ಬಂದಿರಬೇಕು. ಆವಿಯಾದ ನೀರನ್ನು ತಾನಾಗಿ ತುಂಬಿಸುವ ಎಟಿಒ ಡಬ್ಬ ನೋಡಿ. ಅದು 15 ಲೀಟರಿನದ್ದು, ಇನ್ನೂ ಮುಕ್ಕಾಲು ಭಾಗ ತುಂಬಿದೆ, ನೆಲ ಒಣಗಿದೆ, ಸಂಪಿನಲ್ಲಿ (ಟ್ಯಾಂಕಿನ ಕೆಳಗಿರುವ ಗಾಜಿನ ತೊಟ್ಟಿ) ನೀರಿನ ಮಟ್ಟ ಗೆರೆಯಲ್ಲೇ ಇದೆ. ಹಾಗಾದರೆ ಆ 18 ಲೀಟರ್ ಬಂದಿದ್ದೆಲ್ಲಿಂದ? ಎಲ್ಲಿಂದಲೂ ಬಂದಿಲ್ಲ. ಪ್ರೋಬ್ ಸುಳ್ಳು ಹೇಳುತ್ತಿದೆ.

ಉಷ್ಣತೆಗೂ ಇದೇ ಲೆಕ್ಕ. 300 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 300 ವಾಟ್ ಹೀಟರ್‌ಗೆ ಒಂದು ಗಂಟೆಗೂ ಜಾಸ್ತಿ ಹೊತ್ತು ಬೇಕು. ಐದು ನಿಮಿಷದಲ್ಲಿ 26ರಿಂದ 29ಕ್ಕೆ ಹಾರಿದೆ ಅಂತ ಗ್ರಾಫ್ ಹೇಳಿದರೆ ಅದು ಭೌತಶಾಸ್ತ್ರ ಒಪ್ಪುವ ಮಾತಲ್ಲ. ಪ್ರೋಬ್ ಹೀಟರ್ ಪಕ್ಕಕ್ಕೆ ಜಾರಿರಬೇಕು, ಇಲ್ಲಾ ವೈರ್ ಕಡಿದಿರಬೇಕು.

ಆಲ್ಕಲಿನಿಟಿಗೂ ಅಷ್ಟೇ. ಟೆಸ್ಟ್ ಕಿಟ್ ನಿನ್ನೆ 8.5, ಇವತ್ತು 5.5 ಅಂತು. ಮೂರು ಡಿಕೆಎಚ್ ಒಂದು ರಾತ್ರಿಯಲ್ಲಿ ಹೋಗಬೇಕಾದರೆ ಆ 300 ಲೀಟರಿನಲ್ಲಿ ಸುಮಾರು 16 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಲ್ಲೋ ಕೂತಿರಬೇಕು. ಗಟ್ಟಿ ಹವಳ ಒತ್ತಾಗಿ ತುಂಬಿ ಬೆಳೆದ ದೊಡ್ಡ ಟ್ಯಾಂಕಿನಲ್ಲಿ ದಿನಕ್ಕೆ ಅಷ್ಟು ಖರ್ಚಾಗುವುದುಂಟು. ಮೆತ್ತನೆ ಹವಳ, ನಾಲ್ಕು ಮೀನು ಇರುವ ಟ್ಯಾಂಕಿನಲ್ಲಿ? ನೀರು ಹಾಲಿನಂತೆ ಮಂಜಾಗಿರಬೇಕು, ಹೀಟರ್ ಮೇಲೆ, ಪಂಪಿನ ಒಳಗೆ ಬಿಳಿ ಪೊರೆ ಕಟ್ಟಿರಬೇಕು. ಜೊತೆಗೆ ಕ್ಯಾಲ್ಸಿಯಂ ಕೂಡ 20ರಷ್ಟು ಇಳಿದಿರಬೇಕು, ಯಾಕೆಂದರೆ ಒಂದು ಡಿಕೆಎಚ್ ಹೋದರೆ ಅದರ ಜೊತೆ 7 ಪಿಪಿಎಂ ಕ್ಯಾಲ್ಸಿಯಂ ಹೋಗುತ್ತದೆ. ಇದ್ಯಾವುದೂ ಕಾಣದಿದ್ದರೆ ಕಿಟ್ಟಿನ ದ್ರಾವಣದ ಬಾಟಲಿ ಮೇಲಿನ ದಿನಾಂಕ ನೋಡಿ.

ಮತ್ತೆ, ಟ್ಯಾಂಕನ್ನೇ ನೋಡಿ. ಹವಳಗಳು ಅರಳಿವೆಯಾ, ಮೀನು ಊಟಕ್ಕೆ ಬರುತ್ತಿವೆಯಾ, ಬಸವನಹುಳು ಗಾಜಿನ ಮೇಲೆ ಓಡಾಡುತ್ತಿದೆಯಾ. ಸಲಿನಿಟಿ ನಿಜವಾಗಿ ದಿಢೀರ್ ಅಂತ ಬಿದ್ದರೆ ಮೊದಲು ಮುದುರುವುದು ಹವಳ, ಬಿದ್ದುಹೋಗುವುದು ಬಸವನಹುಳು. ಇವೆಲ್ಲ ಎಂದಿನಂತೆ ಇದ್ದರೆ ನಿಮಗೆ ಯೋಚಿಸಲು ಟೈಮ್ ಇದೆ ಅಂತ ಅರ್ಥ.

ಅಂಕಿಗಿಂತ ಗ್ರಾಫ್ ಜಾಸ್ತಿ ಮಾತಾಡುತ್ತದೆ

ಕಂಟ್ರೋಲರ್ ಇರುವವರಿಗೆ ಸಿಗುವ ದೊಡ್ಡ ಲಾಭ ಹಿಂದಿನ ವಾರದ ಗ್ರಾಫ್. ಆದರೆ ಬಹಳ ಜನ ಅದನ್ನು ತೆಗೆದೇ ನೋಡುವುದಿಲ್ಲ, ಈಗಿನ ಒಂದು ಅಂಕಿ ನೋಡಿ ಗಾಬರಿಯಾಗುತ್ತಾರೆ.

ಆರೋಗ್ಯವಾಗಿರುವ ಟ್ಯಾಂಕಿನ ಪಿಎಚ್ ದಿನಾ ಏರಿ ಇಳಿಯುತ್ತದೆ. ಲೈಟ್ ಹತ್ತಿದಾಗ ಪಾಚಿ, ಹವಳದೊಳಗಿನ ಪಾಚಿ ಎಲ್ಲ ಸೇರಿ ಕಾರ್ಬನ್ ಡೈಆಕ್ಸೈಡ್ ಹೀರುತ್ತವೆ, ಪಿಎಚ್ ಮೇಲೆ ಹೋಗುತ್ತದೆ. ರಾತ್ರಿ ಎಲ್ಲವೂ ಉಸಿರಾಡಿ ಅದನ್ನೇ ಹೊರಗೆ ಬಿಡುತ್ತವೆ, ಪಿಎಚ್ ಇಳಿಯುತ್ತದೆ. ಬೆಳಿಗ್ಗೆ ಲೈಟ್ ಹತ್ತುವ ಮುಂಚೆ ಅತಿ ಕಡಿಮೆ, ಸಂಜೆ ಲೈಟ್ ಆರುವ ಹೊತ್ತಿಗೆ ಅತಿ ಜಾಸ್ತಿ. 0.2ರಿಂದ 0.4ರಷ್ಟು ಆಟ ಇದ್ದೇ ಇರುತ್ತದೆ. ಈ ಅಲೆ ಗ್ರಾಫಿನಲ್ಲಿ ಕಾಣುತ್ತಿದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಅಲೆ ಹಾಗೇ ಇದೆ, ಆದರೆ ಇಡೀ ಗೆರೆ ಕೆಲವು ವಾರದಿಂದ ನಿಧಾನವಾಗಿ ಕೆಳಗೆ ಸರಿದಿದೆ ಅಂದರೆ ಎರಡು ಸಾಧ್ಯತೆ. ಪ್ರೋಬ್ ಮುದಿಯಾಗಿದೆ, ಇಲ್ಲಾ ಮನೆಯ ಗಾಳಿ ಬದಲಾಗಿದೆ (ಅದು ಹೇಗೆ ಅಂತ ಮುಂದೆ ಹೇಳುತ್ತೇನೆ). ಅಲೆಯೇ ಸತ್ತುಹೋಗಿ ಗೆರೆ ಚಪ್ಪಟೆಯಾಗಿದ್ದರೆ ಗಾಜಿನ ಮೇಲೆ ಏನೋ ಕೂತಿದೆ. ಪ್ರೋಬ್ ಸರಿಯಾಗಿ 7.00 ಅಂತ ಅಲುಗಾಡದೆ ನಿಂತಿದ್ದರೆ ಸಿಗ್ನಲ್ಲೇ ಬರುತ್ತಿಲ್ಲ, ಕನೆಕ್ಟರಿನಲ್ಲಿ ಶಾರ್ಟ್ ಆಗಿರಬೇಕು ಇಲ್ಲಾ ಗಾಜು ಬಿರುಕು ಬಿಟ್ಟಿರಬೇಕು. ಸೊನ್ನೆ ಮಿಲಿವೋಲ್ಟ್ ಅಂದರೆ 7, ಮೇಲೆ ಹೇಳಿದೆನಲ್ಲ. ಇನ್ನು ಗೆರೆ ಗರಗಸದ ಹಲ್ಲಿನ ಹಾಗೆ ಟಕ್ ಟಕ್ ಅಂತ ಮೇಲೆ ಕೆಳಗೆ ಹಾರುತ್ತಿದ್ದರೆ, ಆ ಹಾರುವ ಹೊತ್ತು ಮತ್ತು ಹೀಟರ್ ಆನ್ ಆಫ್ ಆಗುವ ಹೊತ್ತು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕೂಡಿಬಂದರೆ ತೊಂದರೆ ಕರೆಂಟಿನದ್ದು.

ಬೆಂಗಳೂರಲ್ಲಿ ಇದರದ್ದೇ ಇನ್ನೊಂದು ರೂಪ ಇದೆ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಕ್ಷಣ ಪಿಎಚ್ ಹಾರುತ್ತದೆ, ಕರೆಂಟ್ ಬಂದ ಮೇಲೆ ಮತ್ತೆ ಹಳೇ ಜಾಗಕ್ಕೆ ಬರುತ್ತದೆ. ಸೈನ್ ವೇವ್ ಅಲ್ಲದ ಅಗ್ಗದ ಇನ್ವರ್ಟರುಗಳ ಕರೆಂಟು ಗಲಾಟೆಯದ್ದು, ಪ್ರೋಬಿನ ಆ ಸಣ್ಣ ಸಿಗ್ನಲ್ ಮೇಲೆ ಅದು ಬಂದು ಕೂರುತ್ತದೆ. ಇಂಥ ರೀಡಿಂಗ್ ನೋಡಿ ಡೋಸಿಂಗ್ ಪಂಪ್ (ಟ್ಯಾಂಕಿಗೆ ದ್ರಾವಣ ಅಳೆದು ಹಾಕುವ ಪಂಪ್) ತಾನಾಗಿ ಓಡುವ ಹಾಗೆ ಸೆಟ್ ಮಾಡಿದ್ದರೆ ಇವತ್ತೇ ತೆಗೆಯಿರಿ. ಪಿಎಚ್ ನೋಡಿ ಡೋಸ್ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಡೋಸ್ ಗಡಿಯಾರ ನೋಡಿ ಆಗಲಿ. ಪಿಎಚ್ ತೀರಾ ಮೇಲೆ ಹೋದರೆ ಡೋಸಿಂಗ್ ನಿಲ್ಲಿಸುವುದಕ್ಕೆ ಮಾತ್ರ ಪ್ರೋಬ್ ಬಳಸಿ.

ಒಂದು ಲೋಟ ನೀರಿನ ಪರೀಕ್ಷೆ

ಕರೆಂಟಿನ ಅನುಮಾನ ಬಂದರೆ ದುಡ್ಡು ಖರ್ಚಿಲ್ಲದ ದಾರಿ ಇದು. ಒಂದು ಪ್ಲಾಸ್ಟಿಕ್ ಲೋಟದಲ್ಲಿ ಟ್ಯಾಂಕಿನ ನೀರು ತೆಗೆದುಕೊಳ್ಳಿ. ಲೋಟವನ್ನು ಟ್ಯಾಂಕಿಗೆ ತಾಗದಂತೆ ಒಣ ಸ್ಟೂಲಿನ ಮೇಲೆ ಇಡಿ. ಪ್ರೋಬನ್ನು ಸಂಪಿನಿಂದ ತೆಗೆದು ಲೋಟಕ್ಕೆ ಹಾಕಿ, ಮೆಲ್ಲಗೆ ಒಮ್ಮೆ ಅಲ್ಲಾಡಿಸಿ, ಎರಡು ಮೂರು ನಿಮಿಷ ಬಿಡಿ. ನೀರು ಅದೇ, ಪ್ರೋಬ್ ಅದೇ. ರೀಡಿಂಗೂ ಅದೇ ಇರಬೇಕು ಅಲ್ವಾ? ಸಂಪಿನಲ್ಲಿ 7.6 ಇದ್ದದ್ದು ಲೋಟದಲ್ಲಿ 8.1 ಆಯಿತು ಅಂದರೆ, ವಾಪಸ್ ಸಂಪಿಗೆ ಹಾಕಿದ ಕೂಡಲೇ ಮತ್ತೆ 7.6ಕ್ಕೆ ಬಿತ್ತು ಅಂದರೆ, ಟ್ಯಾಂಕಿನ ನೀರಿನಲ್ಲಿ ಯಾವುದೋ ಯಂತ್ರದಿಂದ ವೋಲ್ಟೇಜ್ ಸೋರುತ್ತಿದೆ. ಈಗ ಒಂದೊಂದೇ ಪ್ಲಗ್ ಕೀಳುತ್ತಾ ಬನ್ನಿ. ಹೀಟರ್, ಪವರ್‌ಹೆಡ್ (ಟ್ಯಾಂಕಿನಲ್ಲಿ ನೀರು ಅಲುಗಿಸುವ ಪಂಪ್), ರಿಟರ್ನ್ ಪಂಪ್ (ಸಂಪಿನ ನೀರನ್ನು ಮೇಲೆ ಕಳಿಸುವುದು), ಸ್ಕಿಮ್ಮರ್ (ಗಾಳಿ ಗುಳ್ಳೆಯಿಂದ ಕೊಳೆ ತೆಗೆಯುವ ಯಂತ್ರ) ಪಂಪ್. ಯಾವುದನ್ನು ಕಿತ್ತಾಗ ಗೆರೆ ಸರಿಹೋಯಿತೋ ಅದೇ ಕಳ್ಳ. ಬಿರುಕು ಬಿಟ್ಟ ಹೀಟರ್ ಗಾಜು, ವೈರಿನ ಮೇಲಿನ ರಬ್ಬರ್ ಸೀಳಿದ ಪಂಪ್, ಹೆಚ್ಚಾಗಿ ಇವೆರಡರಲ್ಲಿ ಒಂದು.

ಇಲ್ಲಿ ರೀಡಿಂಗಿಗಿಂತ ಜೀವ ದೊಡ್ಡದು. ಸೋರುತ್ತಿರುವುದು 230 ವೋಲ್ಟ್ ಇರಬಹುದು, ನೀರು ಉಪ್ಪುನೀರು. ಕೈ ಹಾಕುವ ಮುಂಚೆ ಟ್ಯಾಂಕಿನ ಮೇನ್ ಸ್ವಿಚ್ ಆಫ್ ಮಾಡಿ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮುಂದಿನ ಹವಳಕ್ಕೆ ಎತ್ತಿಟ್ಟ ದುಡ್ಡಲ್ಲಿ ಅದನ್ನು ಹಾಕಿಸಿ. ಮೂರು ಪಿನ್ನಿನ ಸಾಕೆಟ್ ಇದೆ ಅಂದಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ, ಹಳೇ ಮನೆಗಳಲ್ಲಿ ಆ ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ. ಇನ್ನೊಂದು, ಮಲ್ಟಿಮೀಟರ್ ಅದ್ದಿ 20, 30 ವೋಲ್ಟ್ ಕಂಡ ಕೂಡಲೇ ಹೆದರಬೇಡಿ. ಪಂಪಿನ ಮೋಟರಿನಿಂದ ಸುಮ್ನೆ ಹುಟ್ಟುವ ವೋಲ್ಟೇಜ್ ಅಷ್ಟು ತೋರಿಸುವುದುಂಟು. ಹಾಗಂತ ನಿರ್ಲಕ್ಷ್ಯನೂ ಬೇಡ, ಪ್ಲಗ್ ಕೀಳುವ ಪರೀಕ್ಷೆ ಮಾಡಿ.

ಲೋಟದಲ್ಲೂ ಅದೇ 7.6 ಬಂತಾ? ಹಾಗಾದರೆ ಕರೆಂಟಿನ ತಪ್ಪಲ್ಲ. ಪ್ರೋಬ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ.

ಪಿಎಚ್ ಪ್ರೋಬಿಗೆ ಏನಾಗುತ್ತದೆ

ಪಿಎಚ್ ಪ್ರೋಬಿನ ಆಯಸ್ಸು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ. ಅದು ಹೀಟರ್ ಥರ ಒಂದೇ ದಿನ ಸಾಯುವುದಿಲ್ಲ, ನಿಧಾನವಾಗಿ ಮಂಕಾಗುತ್ತದೆ. ತುದಿಯ ಬುರುಡೆ ಹತ್ತಿರದಿಂದ ನೋಡಿ. ಹೊಸದರಲ್ಲಿ ಅದು ಸೋಪಿನ ಗುಳ್ಳೆಯಷ್ಟು ತಿಳಿಯಾಗಿರುತ್ತದೆ. ಈಗ ಕಂದು ಲೋಳೆ ಕೂತಿರಬಹುದು, ಇಲ್ಲಾ ನೇರಳೆ ಗುಲಾಬಿ ಬಣ್ಣದ ಕೋರಲೈನ್ ಪಾಚಿ ಗಟ್ಟಿ ಪೊರೆಯಾಗಿ ಅಂಟಿರಬಹುದು. ಪಾಚಿ ಅಂಟಿದ ಬುರುಡೆ ಅಳೆಯುವುದು ಆ ಪಾಚಿಯ ಪಕ್ಕದ ನೀರನ್ನು, ಟ್ಯಾಂಕಿನದ್ದನ್ನಲ್ಲ. ಬೆಳಕಿನಲ್ಲಿ ಇಟ್ಟ ಪ್ರೋಬಿಗೆ ಇದು ಜಾಸ್ತಿ, ಕತ್ತಲ ಸಂಪಿನಲ್ಲಿ ಇಟ್ಟರೆ ಕಡಿಮೆ.

ಸುಣ್ಣದಂಥ ಗಟ್ಟಿ ಪೊರೆಗೆ ಬಿಳಿ ವಿನೆಗರ್ ಸಾಕು, ಹತ್ತಿಪ್ಪತ್ತು ನಿಮಿಷ ಅದ್ದಿಡಿ. ಲೋಳೆಗೆ ನೀರು ಬೆರೆಸಿದ ಬ್ಲೀಚ್. ಎರಡನ್ನೂ ಒಟ್ಟಿಗೆ ಬೆರೆಸಲೇಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಒಂದಾದ ಮೇಲೆ ಚೆನ್ನಾಗಿ ತೊಳೆದು ಇನ್ನೊಂದು. ಬಟ್ಟೆಯಲ್ಲಿ ಉಜ್ಜಬೇಡಿ, ಆ ಗಾಜು ಗೀಚಿದರೆ ಮುಗಿಯಿತು. ತೊಳೆದ ಪ್ರೋಬನ್ನು ಆರ್‌ಓ ನೀರಿನಲ್ಲಿ ನೆನೆಸಿಡುವುದು ದೊಡ್ಡ ತಪ್ಪು, ಒಳಗಿನ ಪೊಟ್ಯಾಶಿಯಂ ಕ್ಲೋರೈಡ್ ಹೊರಗೆ ಹೋಗಿಬಿಡುತ್ತದೆ. ಸ್ಟೋರೇಜ್ ದ್ರಾವಣ ಇಲ್ಲದಿದ್ದರೆ ಪಿಎಚ್ 4ರ ಬಫರ್ (ಪಿಎಚ್ ಇಷ್ಟೇ ಅಂತ ಗೊತ್ತಿರುವ ದ್ರಾವಣ, ಟ್ಯಾಂಕಿಗೆ ಹಾಕುವ ಪುಡಿಯಲ್ಲ) ಆದೀತು.

ಆಮೇಲೆ ಕ್ಯಾಲಿಬ್ರೇಷನ್. ಸಮುದ್ರದ ಟ್ಯಾಂಕಿಗೆ 7 ಮತ್ತು 10ರ ಬಫರ್ ಬಳಸಿ, ನಮ್ಮ 8.2 ಅವೆರಡರ ಮಧ್ಯೆ ಬರಬೇಕು. 7ರ ಬಫರ್ ಗಟ್ಟಿ ಆಸಾಮಿ, 10ರದ್ದು ನಾಜೂಕು. ಬಾಯಿ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಅದರ ಪಿಎಚ್ ಇಳಿಯುತ್ತದೆ. ಈಗ 9.8ಕ್ಕೆ ಇಳಿದ ಬಫರನ್ನು "ಇದು 10" ಅಂತ ಪ್ರೋಬಿಗೆ ಕಲಿಸಿದರೆ ಅದು ಟ್ಯಾಂಕಿನ ಪಿಎಚ್ಚನ್ನೂ ಇರುವುದಕ್ಕಿಂತ ಮೇಲೆ ತೋರಿಸುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದು ಪೊಟ್ಟಣ, ಉಳಿದದ್ದು ಚೆಲ್ಲಿ. ಬಫರಿನ ಪಿಎಚ್ ಉಷ್ಣತೆಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ, ಪೊಟ್ಟಣದ ಹಿಂದೆ ಅದರ ಪಟ್ಟಿ ಅಚ್ಚಾಗಿರುತ್ತದೆ, ಅದನ್ನು ನೋಡಿ ಅಂಕಿ ಹಾಕಿ.

ಬಫರಿನ ಮೇಲೇ ಅನುಮಾನ ಇದ್ದರೆ ಮನೆಯಲ್ಲೇ ಒಂದು ಮಾಡಿಕೊಳ್ಳಬಹುದು. ಅಕ್ಕಸಾಲಿಗರು ಬಳಸುವ ಬಿಳಿಗಾರ, ಅಂದರೆ ಬೋರಾಕ್ಸ್, 3.81 ಗ್ರಾಂ ತೂಗಿ ಒಂದು ಲೀಟರ್ ಶುದ್ಧ ಡಿಐ ನೀರಿನಲ್ಲಿ (ಆರ್‌ಓ ನೀರನ್ನು ರೆಸಿನ್ ದಾಟಿಸಿ ಉಳಿದ ಉಪ್ಪನ್ನೂ ತೆಗೆದದ್ದು) ಕರಗಿಸಿದರೆ 25 ಡಿಗ್ರಿಯಲ್ಲಿ ಅದರ ಪಿಎಚ್ 9.18 ಇರುತ್ತದೆ. ಕೇರಂ ಬೋರ್ಡಿಗೆ ಹಾಕುವ ಪುಡಿ ಬೇರೆ, ಅದು ಬೋರಿಕ್ ಆಸಿಡ್, ಇಲ್ಲಿ ಉಪಯೋಗಕ್ಕೆ ಬಾರದು. ಕ್ಯಾಲಿಬ್ರೇಟ್ ಮಾಡಿದ ಪ್ರೋಬ್ ಇದರಲ್ಲಿ 9.1ರಿಂದ 9.3ರ ಒಳಗೆ ತೋರಿಸಿದರೆ ಪ್ರೋಬ್ ಬದುಕಿದೆ. ಸ್ಥಿರವಾಗಲು ಐದು ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಂಡರೆ, ಹೊಸದಕ್ಕೆ ಆರ್ಡರ್ ಹಾಕಿ.

ಪ್ರೋಬ್ ಸರಿ, ಆದರೂ 7.7!

ಪ್ರೋಬ್ ತೊಳೆದಾಯಿತು, ಕ್ಯಾಲಿಬ್ರೇಟ್ ಆಯಿತು, ಲೋಟದಲ್ಲೂ ನೋಡಿದ್ದಾಯಿತು, ಇನ್ನೂ 7.7. ಆಲ್ಕಲಿನಿಟಿ ನೋಡಿದರೆ 8.5, ಚೆನ್ನಾಗಿಯೇ ಇದೆ. ಹಾಗಾದರೆ ಬಹುತೇಕ ನಿಮ್ಮ ಹಾಲ್‌ನ ಗಾಳಿಯೇ ಕಾರಣ.

ನೀರಿನ ಪಿಎಚ್ ನಿಂತಿರುವುದು ಎರಡರ ಮೇಲೆ, ಆಲ್ಕಲಿನಿಟಿ ಮತ್ತು ಕರಗಿದ ಕಾರ್ಬನ್ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ ಆಸುಪಾಸು ಇದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಮೂರ್ನಾಲ್ಕು ಜನ ಮಲಗಿದರೆ ಬೆಳಗಾಗುವಷ್ಟರಲ್ಲಿ 1000 ದಾಟುವುದು ಮಾಮೂಲಿ. ಆಲ್ಕಲಿನಿಟಿ ಬದಲಾಗದೆ ಕಾರ್ಬನ್ ಡೈಆಕ್ಸೈಡ್ ಎರಡರಷ್ಟಾದರೆ ಪಿಎಚ್ ಸುಮಾರು 0.3 ಇಳಿಯುತ್ತದೆ. ಹಬ್ಬದ ದಿನ ಮನೆ ತುಂಬಾ ನೆಂಟರು, ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಗ್ಯಾಸ್ ಒಲೆ ಉರಿಯುತ್ತಿದೆ, ಮಳೆ ಅಂತ ಕಿಟಕಿ ಮುಚ್ಚಿದ್ದೀರಿ. ಪಿಎಚ್ ಗ್ರಾಫಿನಲ್ಲಿ ಆ ದಿನ ಗುಂಡಿ ಬಿದ್ದಿರುವುದು ಖಂಡಿತ. ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ನಮ್ಮವರಿಗೆ ಇದು ಚಳಿಗಾಲ ಪೂರ್ತಿ ಇರುವ ಗೋಳು, ನಾಲ್ಕು ತಿಂಗಳು ಕಿಟಕಿ ತೆಗೆಯುವ ಹಾಗಿಲ್ಲವಲ್ಲ.

ಪರೀಕ್ಷೆ ಸುಲಭ. ಒಂದು ಲೋಟ ಟ್ಯಾಂಕಿನ ನೀರನ್ನು ಬಾಲ್ಕನಿಗೆ ಒಯ್ದು ಒಂದು ಗಂಟೆ ಏರ್‌ಸ್ಟೋನ್ ಹಾಕಿ ಗುಳ್ಳೆ ಬಿಡಿಸಿ. 7.7 ಇದ್ದದ್ದು 8.1, 8.2 ಆದರೆ ನೀರಿಗೆ ಬೇಕಿರುವುದು ಹೊಸ ಗಾಳಿ ಅಷ್ಟೇ. ಇನ್ನೊಂದು ಲೋಟಕ್ಕೆ ಮನೆಯೊಳಗೇ ಗುಳ್ಳೆ ಬಿಟ್ಟು ನೋಡಿ. ಒಳಗಿನದ್ದು ಏರದೆ ಹೊರಗಿನದ್ದು ಮಾತ್ರ ಏರಿದರೆ ಗಾಳಿ ಕೆಟ್ಟಿದೆ. ಎರಡೂ ಏರಿದರೆ ಗಾಳಿ ಪರವಾಗಿಲ್ಲ, ಟ್ಯಾಂಕಿನ ಮೇಲ್ಮೈಯಲ್ಲಿ ಅಲುಗಾಟ ಸಾಲದು, ಪವರ್‌ಹೆಡ್ ಮೇಲಕ್ಕೆ ತಿರುಗಿಸಿ. ಪರಿಹಾರನೂ ಹಾಗೇ ಇದೆ. ಕಿಟಕಿ ತೆಗೆಯಿರಿ, ಸ್ಕಿಮ್ಮರ್ ಗಾಳಿ ಎಳೆಯುವ ಪೈಪನ್ನು ಕಿಟಕಿಯಿಂದ ಹೊರಗೆ ಬಿಡಿ, ರಾತ್ರಿ ಹೊತ್ತು ಸುಣ್ಣದ ತಿಳಿನೀರು ಹನಿಸುವ ಅಭ್ಯಾಸ ಇದ್ದವರು ಅದನ್ನು ಮಾಡಬಹುದು. ಬಫರ್ ಪುಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಪಿಎಚ್ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ, ಆಲ್ಕಲಿನಿಟಿ ಮಾತ್ರ ಮೇಲೇ ಉಳಿಯುತ್ತದೆ.

ಸಲಿನಿಟಿ: ಗುಳ್ಳೆ, ಬಾಟಲಿ, ಉಪ್ಪಿನ ಮೀಟರ್

ಸಲಿನಿಟಿ ಪ್ರೋಬಿನ ತುದಿಯಲ್ಲಿ ಒಂದು ಸಣ್ಣ ಸೀಳು ಇರುತ್ತದೆ, ಅದರೊಳಗೆ ಎರಡು ತಟ್ಟೆ. ಆ ಸೀಳಿನಲ್ಲಿ ಒಂದು ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಕರೆಂಟ್ ಹರಿಯುವ ಜಾಗ ಕಿರಿದಾಗುತ್ತದೆ, ರೀಡಿಂಗ್ ಕೆಳಗೆ ಬೀಳುತ್ತದೆ. ಸ್ಕಿಮ್ಮರ್ ಪಕ್ಕ, ರಿಟರ್ನ್ ಪಂಪ್ ಪಕ್ಕ ಪ್ರೋಬ್ ಇಟ್ಟರೆ ಇದು ದಿನಾ ನಡೆಯುತ್ತದೆ. 35 ಇದ್ದದ್ದು 32, ಆಮೇಲೆ ತಾನಾಗಿ 34.8, ಮತ್ತೆ 31. ಪ್ರೋಬನ್ನು ನೀರೊಳಗೇ ಎರಡು ಸಲ ಜಾಡಿಸಿ. ಒಂದು ಚಿಕ್ಕ ಗುಳ್ಳೆ ಪುಳಕ್ ಅಂತ ಮೇಲೆ ಬಂದು ರೀಡಿಂಗ್ 35ಕ್ಕೆ ಹೋದರೆ ಅಲ್ಲಿಗೆ ಪತ್ತೆ ಮುಗಿಯಿತು. ಪ್ರೋಬನ್ನು ಗುಳ್ಳೆ ಇಲ್ಲದ ಜಾಗಕ್ಕೆ ಸರಿಸಿ, ಗಾಜಿಗೆ ಒತ್ತಿಕೊಂಡಂತೆ ಇಡಬೇಡಿ.

ಉಷ್ಣತೆಯೂ ಇಲ್ಲಿ ಕೈ ಆಡಿಸುತ್ತದೆ. ಒಂದು ಡಿಗ್ರಿಗೆ ಕಂಡಕ್ಟಿವಿಟಿ ಸುಮಾರು ಶೇಕಡ 2 ಬದಲಾಗುತ್ತದೆ. ಉಷ್ಣತೆಯ ಪ್ರೋಬ್ ಒಂದು ಡಿಗ್ರಿ ತಪ್ಪು ಹೇಳಿದರೆ ಸಲಿನಿಟಿ 0.7ರಷ್ಟು ತಪ್ಪುತ್ತದೆ. ಎರಡೂ ಒಂದೇ ದಿನ ಕೆಟ್ಟಂತೆ ಕಂಡರೆ ಮೊದಲು ಉಷ್ಣತೆಯದ್ದನ್ನು ನೋಡಿ.

ಕ್ಯಾಲಿಬ್ರೇಷನ್ ದ್ರಾವಣದ ಬಾಟಲಿ ತಿಂಗಳುಗಟ್ಟಲೆ ತೆರೆದು ಮುಚ್ಚಿ ಬಳಸಿದರೆ ನೀರು ಆರಿ ಅದರ ಉಪ್ಪು ಗಟ್ಟಿಯಾಗುತ್ತದೆ. 37 ಆದ ದ್ರಾವಣವನ್ನು 35 ಅಂತ ಕಲಿಸಿದರೆ ಪ್ರೋಬ್ ನಿಮ್ಮ ಸರಿಯಾದ 35ರ ನೀರನ್ನು 33 ಅಂತ ತೋರಿಸುತ್ತದೆ. ನೀವು ಉಪ್ಪು ಹಾಕುತ್ತೀರಿ. ಪರದೆ 35 ಅಂದಾಗ ನೀರು ನಿಜಕ್ಕೂ 37. ಈ ತಪ್ಪು ಗ್ರಾಫಿನಲ್ಲಿ ಯಾವತ್ತೂ ಕಾಣುವುದಿಲ್ಲ, ಅದಕ್ಕೇ ಅಪಾಯ.

ಸರಿ, ರಿಫ್ರಾಕ್ಟೋಮೀಟರ್‌ನಲ್ಲಿ (ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಮೀಟರ್) ಹೋಲಿಸಿ ನೋಡೋಣ ಅಂದರೆ ಅಲ್ಲೂ ಒಂದು ತೊಡಕು. ಅಗ್ಗಕ್ಕೆ ಸಿಗುವ ಬಹಳಷ್ಟು ಮೀಟರುಗಳು ಅಡುಗೆ ಉಪ್ಪಿನ ನೀರಿಗೆ ಮಾಡಿದವು, ಸಮುದ್ರದ ನೀರಿಗಲ್ಲ. ಅವು 35ರ ಸಮುದ್ರದ ನೀರನ್ನು 36.5 ಅಂತ ಓದುತ್ತವೆ. ಆರ್‌ಓ ನೀರಿನಲ್ಲಿ ಸೊನ್ನೆ ಮಾಡಿಕೊಂಡರೂ ಈ ತಪ್ಪು ಹೋಗುವುದಿಲ್ಲ, ಮೇಲೆ 35ರ ಹತ್ತಿರವೇ ಸರಿಮಾಡಿಕೊಳ್ಳಬೇಕು. ಇದಕ್ಕೊಂದು ಮನೆಮದ್ದು ಇದೆ. 36.5 ಗ್ರಾಂ ಅಡುಗೆ ಉಪ್ಪು ತೂಗಿ, ಶುದ್ಧ ನೀರು ಸೇರಿಸಿ ಒಟ್ಟು ತೂಕ ಒಂದು ಕೆಜಿ ಮಾಡಿ. ಇದು ರಿಫ್ರಾಕ್ಟೋಮೀಟರ್ ಕಣ್ಣಿಗೆ 35ರ ಸಮುದ್ರದ ನೀರಿನಂತೆಯೇ ಕಾಣುತ್ತದೆ, ಸ್ಕ್ರೂ ತಿರುಗಿಸಿ 35ಕ್ಕೆ ತನ್ನಿ. ಆದರೆ ಇದೇ ನೀರನ್ನು ಕಂಡಕ್ಟಿವಿಟಿ ಪ್ರೋಬಿಗೆ ಬಳಸಬೇಡಿ, ಅದರ ಲೆಕ್ಕ ಬೇರೆ.

ಸಲಿನಿಟಿ ನಿಜವಾಗಿಯೇ ಬದಲಾಗಿದ್ದರೆ ಎಟಿಒ ಸೆನ್ಸರ್ ಮೇಲೆ ಕಣ್ಣು ಹಾಕಿ. ಕಣ್ಣಿನಂಥ ಆಪ್ಟಿಕಲ್ ಸೆನ್ಸರ್ ಮೇಲೆ ಬಸವನಹುಳು ಕೂತರೆ ನೀರಿದೆ ಅಂದುಕೊಂಡು ತುಂಬಿಸುವುದೇ ಇಲ್ಲ, ಉಪ್ಪು ಏರುತ್ತದೆ. ತೇಲುವ ಸ್ವಿಚ್ ಉಪ್ಪು ಕಟ್ಟಿ ಕೆಳಗೇ ಅಂಟಿಕೊಂಡರೆ ಡಬ್ಬ ಖಾಲಿಯಾಗುವ ತನಕ ತುಂಬಿಸುತ್ತದೆ, ಉಪ್ಪು ಇಳಿಯುತ್ತದೆ.

ಉಳಿದ ಸೆನ್ಸರುಗಳು, ಕಿಟ್ಟುಗಳು, ನಲ್ಲಿ ನೀರು

ಮನೆಯಲ್ಲೇ ಇಎಸ್‌ಪಿ32 ಇಲ್ಲಾ ರಾಸ್ಪ್‌ಬೆರಿ ಪೈ ಥರದ ಸಣ್ಣ ಕಂಪ್ಯೂಟರ್ ಬೋರ್ಡ್ ಇಟ್ಟು ಕಂಟ್ರೋಲರ್ ಕಟ್ಟಿದವರಿಗೆ ಡಿಎಸ್18ಬಿ20 ಅನ್ನುವ ಉಷ್ಣತೆಯ ಸೆನ್ಸರ್ ಗೊತ್ತೇ ಇರುತ್ತದೆ. ಅದು ಸರಿಯಾಗಿ 85 ಡಿಗ್ರಿ ತೋರಿಸಿದರೆ ಟ್ಯಾಂಕ್ ಸಾಂಬಾರ್ ಆಗಿಲ್ಲ. ಪವರ್ ಬಂದಾಗ ಆ ಚಿಪ್ ಮೊದಲು ಹೇಳುವ ಅಂಕಿಯೇ 85, ಅಳೆಯುವ ಮುಂಚೆ ಓದಿದ್ದೀರಿ ಇಲ್ಲಾ ಪವರ್ ವೈರ್ ಸಡಿಲವಾಗಿದೆ. ಆರ್ಡ್ವಿನೋ ಲೈಬ್ರರಿಯಲ್ಲಿ ಮೈನಸ್ 127 ಬಂದರೆ ಸೆನ್ಸರ್ ಸಿಗುತ್ತಲೇ ಇಲ್ಲ ಅಂತ. ಹೀಟರ್ ಆಫ್ ಮಾಡುವ ಕೋಡಿನಲ್ಲಿ ಈ ಎರಡೂ ಅಂಕಿಗಳನ್ನು ಕಸಕ್ಕೆ ಹಾಕುವ ಸಾಲು ಬರೆಯಿರಿ, ಇಲ್ಲದಿದ್ದರೆ ಮೈನಸ್ 127 ನೋಡಿದ ಕೋಡು "ತುಂಬಾ ಚಳಿ" ಅಂತ ಹೀಟರನ್ನು ಉರಿಸುತ್ತಲೇ ಇರುತ್ತದೆ.

ಓಆರ್‌ಪಿ (ನೀರಿನ ಆಕ್ಸಿಡೀಕರಣ ಶಕ್ತಿಯ ಅಳತೆ) ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಓಜೋನ್ ಬಳಸದಿದ್ದರೆ ಅದು ನಿಮಗೆ ಬೇಡ. ಕೈ ಹಾಕಿದರೆ ಇಳಿಯುತ್ತದೆ, ಊಟ ಹಾಕಿದರೆ ಇಳಿಯುತ್ತದೆ, ಪ್ರೋಬ್ ತೊಳೆದರೆ ದಿನಗಟ್ಟಲೆ ಅಲೆದಾಡುತ್ತದೆ.

ಟೆಸ್ಟ್ ಕಿಟ್ಟಿನಲ್ಲಿ ಬಹಳ ಸಲ ಅಂಕಿ ಸರಿ ಇರುತ್ತದೆ, ಅಳತೆಯ ಹೆಸರು ತಪ್ಪಿರುತ್ತದೆ. ಹನ್ನಾ ಕಂಪನಿಯ ಅಲ್ಟ್ರಾ ಲೋ ಫಾಸ್ಫರಸ್ ಚೆಕರ್ ಕೊಡುವುದು ಫಾಸ್ಫೇಟ್ ಅಲ್ಲ, ಫಾಸ್ಫರಸ್, ಅದೂ ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಭಾಗ). ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. 20 ಅಂತ ಬಂದರೆ 0.06, ಗಾಬರಿ ಬೇಡ. ಆಲ್ಕಲಿನಿಟಿ 150 ಅಂತ ಬಂದರೆ ಅದು ಪಿಪಿಎಂ ಲೆಕ್ಕ, 17.86ರಿಂದ ಭಾಗಿಸಿ, 8.4 ಡಿಕೆಎಚ್. ನೈಟ್ರೇಟ್ ಕಿಟ್ ನೈಟ್ರೇಟ್ ನೈಟ್ರೊಜನ್ ಅಂತ ಅಳೆಯುತ್ತಿದ್ದರೆ 4.43ರಿಂದ ಗುಣಿಸಬೇಕು. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇದ್ದಾಗ ನೈಟ್ರೇಟ್ ಕಿಟ್ ಸುಳ್ಳೇ ಜಾಸ್ತಿ ತೋರಿಸುತ್ತದೆ, ಅಷ್ಟು ದಿನ ಆ ಕಿಟ್ ಎತ್ತಿಡಿ. ಬಣ್ಣ ಅಳೆಯುವ ಮೀಟರಿನ ಗಾಜಿನ ಕುಪ್ಪಿ ಮೇಲೆ ಬೆರಳ ಗುರುತು, ಒಳಗೆ ಗುಳ್ಳೆ, ಕರಗದ ಪುಡಿ ಇದ್ದರೂ ಅಂಕಿ ಮೇಲೆ ಹೋಗುತ್ತದೆ.

ಕೊನೆಗೆ ಟ್ಯಾಂಕಿಗೆ ಹಾಕುವ ನೀರು. ಮನೆಯ ಕುಡಿಯುವ ನೀರಿನ ಆರ್‌ಓ ಮೆಷಿನ್ ನೀರನ್ನೇ ಟ್ಯಾಂಕಿಗೆ ಹಾಕುವವರು ಬೇಕಾದಷ್ಟು ಜನ. ಆ ಮೆಷಿನ್ನುಗಳಲ್ಲಿ ಹೆಚ್ಚಿನವುಗಳಲ್ಲಿ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) ಕಂಟ್ರೋಲರ್ ಅಂತ ಒಂದು ಸ್ಕ್ರೂ ಇರುತ್ತದೆ, ರುಚಿಗೋಸ್ಕರ ಶುದ್ಧವಾದ ನೀರಿಗೆ ಕಚ್ಚಾ ನೀರನ್ನು ಸ್ವಲ್ಪ ವಾಪಸ್ ಬೆರೆಸುವುದೇ ಅದರ ಕೆಲಸ. ಕುಡಿಯಲು ಒಳ್ಳೆಯದು, ರೀಫಿಗಲ್ಲ. ಅದರ ಜೊತೆ ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್ ಎಲ್ಲ ಬರುತ್ತದೆ. ಎಷ್ಟು ನೀರು ಬದಲಿಸಿದರೂ ನೈಟ್ರೇಟ್ ಇಳಿಯುತ್ತಿಲ್ಲ ಅಂದರೆ ಮೊದಲು ಆ ನೀರನ್ನೇ ಟೆಸ್ಟ್ ಮಾಡಿ. ರೀಫಿಗೆ ಬೇಕಾದದ್ದು ಆರ್‌ಓ ಆದ ಮೇಲೆ ಡಿಐ ರೆಸಿನ್ ದಾಟಿ ಟಿಡಿಎಸ್ ಸೊನ್ನೆ ಬರುವ ನೀರು. ಮೆಷಿನ್ ಆನ್ ಮಾಡಿದ ಮೊದಲ ಕೆಲವು ನಿಮಿಷ ಮೆಂಬ್ರೇನಿನಿಂದ ಟಿಡಿಎಸ್ ಜಾಸ್ತಿಯೇ ಬರುತ್ತದೆ, ಅದನ್ನು ಬಕೆಟ್ಟಿಗೆ ಬಿಟ್ಟು ಗಿಡಕ್ಕೆ ಹಾಕಿ. ಬೋರ್‌ವೆಲ್ ನೀರಿನವರಿಗೆ ರೆಸಿನ್ ಬೇಗ ಮುಗಿಯುತ್ತದೆ. ಬರೀ ಟಿಡಿಎಸ್ ಜಾಸ್ತಿ ಅಂತಲ್ಲ, ನೆಲದಡಿಯ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಮೆಂಬ್ರೇನನ್ನು ಸಲೀಸಾಗಿ ದಾಟಿ ಬಂದು ರೆಸಿನ್ ತಿನ್ನುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನೀರೇ ತಪ್ಪು ಅಂತ ಖಾತ್ರಿಯಾದರೆ ನಿಧಾನವಾಗಿ ಸರಿಮಾಡಿ. ಸಲಿನಿಟಿ ದಿನಕ್ಕೆ ಒಂದು, ಆಲ್ಕಲಿನಿಟಿ ದಿನಕ್ಕೆ ಒಂದು ಡಿಕೆಎಚ್, ಅದಕ್ಕಿಂತ ಜಾಸ್ತಿ ಬೇಡ. ಪಿಎಚ್ ಬೆನ್ನು ಹತ್ತಬೇಡಿ, ಗಾಳಿ ಮತ್ತು ಆಲ್ಕಲಿನಿಟಿ ಸರಿಮಾಡಿ, ಅದು ತಾನಾಗಿ ಬರುತ್ತದೆ.

ಕಾಯಬಾರದ್ದು ಎರಡೇ. ಒಂದು ಅಮೋನಿಯಾ: ಕಿಟ್ ಬಣ್ಣ ತೋರಿಸುತ್ತಿದೆ, ಮೀನು ಮೇಲೆ ಬಂದು ಜೋರಾಗಿ ಉಸಿರಾಡುತ್ತಿವೆ ಅಂದರೆ ಕಿಟ್ಟಿನ ಜಾತಕ ಆಮೇಲೆ ನೋಡಿ, ಮೊದಲು ನೀರು ಬದಲಿಸಿ. ಇನ್ನೊಂದು ಉಷ್ಣತೆ. ಕಂಟ್ರೋಲರ್ 31 ಅನ್ನುತ್ತಿದೆ, ಪಕ್ಕದಲ್ಲಿ ಅದ್ದಿದ ಸಾದಾ ಗಾಜಿನ ಥರ್ಮಾಮೀಟರ್ ಕೂಡ 31 ಅನ್ನುತ್ತಿದೆ ಅಂದರೆ ಹೀಟರ್ ಆನ್‌ನಲ್ಲೇ ಸಿಕ್ಕಿಕೊಂಡಿರಬೇಕು. ಪ್ಲಗ್ ಕೀಳಿ, ಲೈಟ್ ಆರಿಸಿ, ಮುಚ್ಚಳ ತೆಗೆದು ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ. ಎಟಿಒ ಡಬ್ಬ ತುಂಬಿಡಿ, ಫ್ಯಾನ್ ಹಾಕಿದರೆ ನೀರು ಬೇಗ ಆರುತ್ತದೆ. ಆ ಹೀಟರನ್ನು ಮತ್ತೆ ಹಾಕಬೇಡಿ.